ಕಿಡ್ನಿ ಪಥ್ಯದಲ್ಲಿ ಜಾಮ್ ತಿನ್ನಬಹುದಾ? ತಿನ್ನಬಹುದು, ಹೀಗೆ

ಹಣ್ಣು ಅಂದರೆ ಪೊಟ್ಯಾಸಿಯಂ, ಪೊಟ್ಯಾಸಿಯಂ ಅಂದರೆ ಅಪಾಯ, ಹಾಗಾಗಿ ಜಾಮ್ ಕೂಡ ಬಂದ್ ಅಂತ ತುಂಬಾ ಜನ ತೀರ್ಮಾನ ಮಾಡಿಬಿಡುತ್ತಾರೆ. ಅಷ್ಟು ಹೆದರಬೇಕಿಲ್ಲ. ಒಂದು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಮಾಮೂಲಿ ಜಾಮ್‌ನಲ್ಲಿ ಪೊಟ್ಯಾಸಿಯಂ ಸುಮಾರು 15 ಮಿಲಿಗ್ರಾಂ ಅಷ್ಟೇ. ಒಂದು ಬಾಳೆಹಣ್ಣಿನಲ್ಲಿ 400ರ ಆಸುಪಾಸು ಇರುತ್ತದೆ. ಜಾಮ್‌ನಲ್ಲಿ ಸೋಡಿಯಂ, ರಂಜಕ (ಫಾಸ್ಫರಸ್) ಇನ್ನೂ ಕಡಿಮೆ. ಯಾಕೆಂದರೆ ಅದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ.

ಶುಗರ್ ಕಾಯಿಲೆಯೂ ಇದ್ದವರಿಗೆ ಅದೇ ತೊಡಕು. ಅದೇ ಒಂದು ಚಮಚದಲ್ಲಿ 13 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇರುತ್ತದೆ, ಅದನ್ನು ಊಟದ ಲೆಕ್ಕಕ್ಕೆ ಸೇರಿಸಲೇಬೇಕು. ಹಾಗಂತ ಶುಗರ್ ಫ್ರೀ ಅಂತ ಬರೆದದ್ದನ್ನೆಲ್ಲ ಕಣ್ಣುಮುಚ್ಚಿ ತರಬೇಡಿ: ಸಕ್ಕರೆ ಬದಲು ಸಿಹಿಗೆ ಹಾಕುವ ಸಾರ್ಬಿಟಾಲ್, ಮಾಲ್ಟಿಟಾಲ್ ಇರುವುದನ್ನು ಸ್ವಲ್ಪ ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಸಕ್ಕರೆ ಹಾಕದೆ ಹಣ್ಣಿನ ರಸವನ್ನೇ ಬತ್ತಿಸಿ ಮಾಡಿದ್ದರಲ್ಲಿ ಪೊಟ್ಯಾಸಿಯಂ ಮಾಮೂಲಿ ಜಾಮ್‌ಗಿಂತ ಜಾಸ್ತಿ ಇರಬಹುದು. ಖರ್ಜೂರ, ಅಂಜೂರ, ಒಣ ಏಪ್ರಿಕಾಟ್ ಅರೆದು ಮಾಡಿದ ಪೇಸ್ಟೂ ಹಾಗೆಯೇ.

ನನ್ನ ಪ್ರಕಾರ ನಿಜವಾದ ಕಳ್ಳ ಜಾಮ್ ಅಲ್ಲ, ಅದರ ಕೆಳಗಿರುವ ಬ್ರೆಡ್. ಒಂದೊಂದು ಸ್ಲೈಸ್‌ನಲ್ಲೂ 100ರಿಂದ 200 ಮಿಲಿಗ್ರಾಂ ಸೋಡಿಯಂ ಇರಬಹುದು. ಅದರ ಮೇಲೆ ಉಪ್ಪಿನ ಬೆಣ್ಣೆ, ಕಡಲೆಕಾಯಿ ಬೆಣ್ಣೆ ಅಥವಾ ಚಾಕೊಲೇಟ್ ಸ್ಪ್ರೆಡ್ ಸವರಿದರೆ ಸೋಡಿಯಂ, ರಂಜಕ ಎಲ್ಲ ಏರುತ್ತಾ ಹೋಗುತ್ತದೆ, ಆಮೇಲೆ ಬೈಸಿಕೊಳ್ಳುವುದು ಮಾತ್ರ ಪಾಪದ ಜಾಮ್! ಬಾಟಲಿಯಾಗಲಿ ಬ್ರೆಡ್ ಪ್ಯಾಕೆಟ್ ಆಗಲಿ, ಹಿಂದೆ ತಿರುಗಿಸಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಫಾಸ್ಫೇಟ್, ಫಾಸ್ಫೋರಿಕ್ ಅಂತ ಕಂಡರೆ ಬಿಟ್ಟುಬಿಡಿ. ಹೀಗೆ ಸೇರಿಸಿದ ರಂಜಕವನ್ನು ದೇಹ ಬಹುಪಾಲು ಹೀರಿಕೊಳ್ಳುತ್ತದೆ, ಕಾಳು ಬೀಜಗಳಲ್ಲಿ ತಾನಾಗಿಯೇ ಇರುವುದನ್ನು ಅಷ್ಟಾಗಿ ಹೀರುವುದಿಲ್ಲ.

ಎರಡು ಕಡೆ ಮಾತ್ರ ರಾಜಿ ಬೇಡ. ಸ್ಟಾರ್ ಫ್ರೂಟ್, ಅಂದರೆ ಕಮರಾಕ್ಷಿ, ಯಾವ ರೂಪದಲ್ಲೂ ಬೇಡ, ಜಾಮ್ ಆದರೂ ಬೇಡ. ಕಿಡ್ನಿ ಸರಿಯಿಲ್ಲದವರಲ್ಲಿ ಅದರ ವಿಷ ಹೊರಗೆ ಹೋಗದೆ ಮಿದುಳಿಗೆ ತಾಗುತ್ತದೆ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಫಿಟ್ಸ್ ತನಕ ಹೋಗಬಹುದು, ಜೀವಕ್ಕೂ ಅಪಾಯ. ಇನ್ನೊಂದು, ಕಿಡ್ನಿ ಕಸಿ ಆಗಿ, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕ್ಕೋತದಂಥ ಹಣ್ಣು) ಬೇಡ. ಮಾರ್ಮಲೇಡ್‌ಗೆ, ಅಂದರೆ ಸಿಪ್ಪೆ ಸಮೇತ ಮಾಡುವ ಕಿತ್ತಳೆ ಜಾಮ್‌ಗೆ, ಹಾಕುವ ಕಹಿ ಕಿತ್ತಳೆಯೂ ಹಾಗೆಯೇ. ರಕ್ತದಲ್ಲಿ ಔಷಧಿಯ ಮಟ್ಟ ಏರಿಬಿಡುತ್ತದೆ.

ಮನೆಯಲ್ಲೇ ಮಾಡುವುದಾದರೆ ಸೇಬು, ಸ್ಟ್ರಾಬೆರಿ, ಬ್ಲೂಬೆರಿ, ಅನಾನಸ್ ಒಳ್ಳೆಯದು. ಹಣ್ಣು, ಸಕ್ಕರೆ, ಸ್ವಲ್ಪ ನಿಂಬೆರಸ, ಇಷ್ಟು ಸಾಕು. ಗಟ್ಟಿ ಆಗಲಿ ಅಂತ ಚಿಯಾ ಬೀಜ ಹಾಕಬೇಡಿ, ಅದರಲ್ಲಿ ರಂಜಕ ಜಾಸ್ತಿ.

ತಿನ್ನುವಾಗ ಬಾಟಲಿಗೇ ಚಾಕು ಹಾಕುವ ಬದಲು ಒಂದು ಚಮಚ ತಟ್ಟೆಗೆ ತೆಗೆದುಕೊಳ್ಳಿ. ದಿನಕ್ಕೆ ಎಷ್ಟು ಅನ್ನುವುದನ್ನು ನಿಮ್ಮ ರಕ್ತದ ರಿಪೋರ್ಟ್ ನೋಡುವ ಡಯಟೀಷಿಯನ್ ಹೇಳಬೇಕು, ಯಾಕೆಂದರೆ ಡಯಾಲಿಸಿಸ್‌ನಲ್ಲಿ ತೂಕ ಇಳಿಯುತ್ತಿರುವ ಕೆಲವರಿಗೆ ಕ್ಯಾಲರಿಗಾಗಿ ಅವರೇ ಜಾಮ್ ತಿನ್ನಿ ಅನ್ನುವುದೂ ಉಂಟು. ಸಕ್ಕರೆ ಕಡಿಮೆ ಇರುವ ಜಾಮ್ ಬೇಗ ಕೆಡುತ್ತದೆ, ಫ್ರಿಜ್‌ನಲ್ಲಿಡಿ. ಬೂಸ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ತಿನ್ನಬೇಡಿ, ಇಡೀ ಬಾಟಲಿಯನ್ನೇ ಎಸೆಯಿರಿ.