ಬಳ್ಳಾರಿಯ ಬಿಸಿಲಿನಲ್ಲಿ ಬ್ಯಾಟರಿ ಗಾಡಿ: ನಾನೇ ಕೂಡಿಸಿದ ಪ್ಯಾಕಿಗೆ ಮೂರು ಬೇಸಿಗೆ

ನನ್ನ ಬ್ಯಾಟರಿ ಗಾಡಿಗೆ ನಾನೇ ಕೂಡಿಸಿದ ಲಿಥಿಯಂ ಪ್ಯಾಕು ಬಳ್ಳಾರಿಯ ಮೂರು ಬೇಸಿಗೆಗಳನ್ನು ದಾಟಿದೆ. ಮೊನ್ನೆ ಅದನ್ನು ಪೂರ್ತಿ ತುಂಬಿಸಿ, 12 ವೋಲ್ಟಿನ ಹಳೆಯ ಹೆಡ್‌ಲೈಟ್ ಬಲ್ಬುಗಳನ್ನು ಸಾಲಾಗಿ ಜೋಡಿಸಿದ ಲೋಡಿನ ಮೇಲೆ ಕೊನೆಯವರೆಗೂ ಇಳಿಸಿ ಅಳೆದಾಗ, ಹೊಸದರಲ್ಲಿ 30 ಆಂಪಿಯರ್ ಅವರ್ (ಪ್ಯಾಕು ಹಿಡಿದಿಡುವ ವಿದ್ಯುತ್ತಿನ ಅಳತೆ) ಕೊಡುತ್ತಿದ್ದ ಪ್ಯಾಕು ಇನ್ನೂ 27ರ ಆಸುಪಾಸು ಕೊಟ್ಟಿತು. ಅಷ್ಟರಲ್ಲಿ ಗಾಡಿ ಓಡಿರುವುದು ಸುಮಾರು 30,000 ಕಿಲೋಮೀಟರು. ಇದನ್ನು ಕೂಡಿಸುವಾಗ ಗಾಡಿ ಮಾರಿದ ಅಂಗಡಿಯವರು, "ಇಲ್ಲಿನ ಬಿಸ್ಲಿಗೆ ಲಿಥಿಯಂ ಎಲ್ಲಿ ತಡೀತದ್ರೀ, ಒಂದ್ ಮೇ ತಿಂಗ್ಳು ನೋಡ್ರಿ ಸಾಕು" ಎಂದಿದ್ದರು. ನನ್ನ ಭಾವಮೈದುನನಂತೂ ಗಾಡಿಯನ್ನು ತಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಲು ಒಪ್ಪುತ್ತಿರಲಿಲ್ಲ. ಈಗ ಅದೇ ಅಂಗಡಿಯಿಂದ ತಿಂಗಳಿಗೆ ಒಬ್ಬಿಬ್ಬರು ನನ್ನ ವಿಳಾಸ ಕೇಳಿಕೊಂಡು ಬರುತ್ತಾರೆ.

ನಾನು ವೃತ್ತಿಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕ್ಲಚ್ ಮೋಟಾರುಗಳು ಹೋಗಿ ಸರ್ವೋ ಮೋಟಾರುಗಳು ಬಂದಾಗಿನಿಂದ ಬ್ರಷ್‌ಲೆಸ್ ಮೋಟಾರು, ಕಂಟ್ರೋಲರು, ಸೆನ್ಸರುಗಳೊಂದಿಗೆ ದಿನವೂ ಕೆಲಸವಿರುವುದರಿಂದ, ಗಾಡಿಯ ಚಕ್ರದೊಳಗೇ ಕೂತಿರುವ ಹಬ್ ಮೋಟಾರು ನನಗೆ ಹೊಸ ಪ್ರಾಣಿಯೇನೂ ಆಗಿರಲಿಲ್ಲ. ಕೌಲ್ ಬಜಾರಿನಿಂದ ಬಂಡಿಹಟ್ಟಿಗೆ, ಅಲ್ಲಿಂದ ಮುಂಡ್ರಿಗಿ ಕೈಗಾರಿಕಾ ಪ್ರದೇಶಕ್ಕೆ, ಕಾಲಿಡುವ ಜಾಗದಲ್ಲಿ 30 ಕಿಲೋ ತೂಗುವ ಯಂತ್ರದ ತಲೆಯನ್ನು ಇಟ್ಟುಕೊಂಡು ದಿನಕ್ಕೆ 40–45 ಕಿಲೋಮೀಟರು ಓಡಾಡುತ್ತೇನೆ. ಗಾಡಿ 250 ವಾಟ್, 25 ಕಿಲೋಮೀಟರು ವೇಗದ ಒಳಗಿನ ವರ್ಗದ್ದು. ನೋಂದಣಿಯೂ ಇಲ್ಲ, ಲೈಸೆನ್ಸೂ ಬೇಡ. ಮುಂದೆ ಬರೆಯುವುದೆಲ್ಲ ಇಂಥ ಗಾಡಿಗೆ ಮಾತ್ರ ಸಲ್ಲುತ್ತದೆ. ನೋಂದಣಿ ಇರುವ ವೇಗದ ಗಾಡಿಗಳ ಬ್ಯಾಟರಿಗೆ ಎಐಎಸ್ 156 ಎಂಬ ವಾಹನ ಮಾನದಂಡದ ಬಿಗಿಯಾದ ಸುರಕ್ಷತಾ ನಿಯಮಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂದಿವೆ. ಆ ಪ್ಯಾಕುಗಳನ್ನು ಬಿಚ್ಚಿದರೆ ವಾರಂಟಿ, ವಿಮೆ ಎರಡೂ ಕೈತಪ್ಪುವುದರಿಂದ ನಾನು ಅವನ್ನು ಮುಟ್ಟುವುದಿಲ್ಲ.

ಗಾಡಿಯೊಂದಿಗೆ ಬಂದದ್ದು 12 ವೋಲ್ಟಿನ ಐದು ಲೆಡ್ ಆಸಿಡ್ ಬ್ಯಾಟರಿಗಳ ಸೆಟ್ಟು. ಮೊದಲ ಕೆಲವು ತಿಂಗಳು 45 ಕಿಲೋಮೀಟರು ಕೊಡುತ್ತಿದ್ದ ಅದು ಏಪ್ರಿಲ್ ಮುಗಿಯುವಷ್ಟರಲ್ಲಿ 20ಕ್ಕೆ ಇಳಿಯಿತು. ಎರಡನೆಯ ಸೆಟ್ಟಿಗೆ 13,000 ರೂಪಾಯಿ ಕೊಟ್ಟೆ. ಅದೂ ವರ್ಷ ತುಂಬುವ ಮೊದಲೇ ಮುಗಿಯಿತು, ಐದರಲ್ಲಿ ಎರಡರ ಹೊಟ್ಟೆ ಉಬ್ಬಿತ್ತು. ಹಳೆಯದನ್ನು ಗುಜರಿಗೆ ಹಾಕಿದಾಗ ಸಿಕ್ಕಿದ್ದು ಮೂರು ಸಾವಿರದ ಒಳಗೆ. ಲೆಡ್ ಆಸಿಡ್ ಬ್ಯಾಟರಿ 25 ಡಿಗ್ರಿಯ ಮೇಲೆ ಪ್ರತಿ 8–10 ಡಿಗ್ರಿಗೆ ತನ್ನ ಆಯುಸ್ಸಿನಲ್ಲಿ ಅರ್ಧ ಕಳೆದುಕೊಳ್ಳುತ್ತದೆ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿದೆ. 42 ಡಿಗ್ರಿಯ ಊರಿನಲ್ಲಿ, ಸೀಟಿನಡಿಯ ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಎಷ್ಟು ಉಳಿದೀತು?

ಹೀಗಾಗಿ ಲಿಥಿಯಂ ಫೆರೋ ಫಾಸ್ಫೇಟ್ ಕಡೆಗೆ ತಿರುಗಿದೆ. ಆನ್‌ಲೈನಿನಲ್ಲಿ ತರಿಸಿದ ಮೊದಲ ಕಂತಿನ 32700 ಅಳತೆಯ ದುಂಡು ಸೆಲ್ಲುಗಳು ಹಳೆಯ ಮಾಲಿಗೆ ಹೊಸ ಪ್ಲಾಸ್ಟಿಕ್ ಹೊದಿಸಿದವು. ಒಳ ರೋಧ 8 ಮಿಲಿ ಓಮಿನ ಒಳಗಿರಬೇಕಾದದ್ದು 15 ದಾಟಿತ್ತು, 6 ಆಂಪಿಯರ್ ಅವರ್ ಎಂದು ಬರೆದಿದ್ದ ಸೆಲ್ಲುಗಳು 4 ಕೊಡುವಷ್ಟರಲ್ಲಿ ಏದುಸಿರು ಬಿಡುತ್ತಿದ್ದವು. ವಾಪಸಾತಿಯ ಅವಧಿ ಮುಗಿದಿದೆ ಎಂಬ ಉತ್ತರ ಬಂದು ಏಳು ಸಾವಿರದಷ್ಟು ಹಣ ಮುಳುಗಿತು. ಎರಡನೆಯ ಸಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ನಾನೇ ಹೋಗಿ, ಮೀಟರು ಹಿಡಿದು ಒಂದೊಂದನ್ನೂ ನೋಡಿ ಆರಿಸಿ ತಂದೆ. ಸಾಲಿಗೆ 20, ಒಂದೊಂದು ಸ್ಥಾನದಲ್ಲಿ 5 ಸಮಾನಾಂತರ, ಒಟ್ಟು 100 ಸೆಲ್ಲು. 40 ಆಂಪಿಯರಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟು), ನಿಕಲ್ ಪಟ್ಟಿ, ಹೋಲ್ಡರು, ಎಪಾಕ್ಸಿ ಹಾಳೆ, ತಗಡಿನ ಪೆಟ್ಟಿಗೆ, ಸ್ಪಾಟ್ ವೆಲ್ಡಿಂಗಿನ ಕೂಲಿ ಎಲ್ಲ ಸೇರಿ 28,000 ರೂಪಾಯಿಗೆ ಬಂದು ನಿಂತಿತು. 20 ಸೆಲ್ಲಿನ ಸಾಲು ಪೂರ್ತಿ ತುಂಬಿದಾಗ 73 ವೋಲ್ಟು. ಐದು ಲೆಡ್ ಆಸಿಡ್‌ಗೂ ಹೆಚ್ಚುಕಡಿಮೆ ಅಷ್ಟೇ ಆಗುವುದರಿಂದ ಕಂಟ್ರೋಲರನ್ನು ಬದಲಿಸಬೇಕಾಗಲಿಲ್ಲ. ಗಾಡಿಯ ತೂಕ 25 ಕಿಲೋ ಇಳಿಯಿತು. ಐದೈದರ ಗುಂಪುಗಳನ್ನು ಯಾವ ಕ್ರಮದಲ್ಲಿ ಹೊಂದಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಹೊಟ್ಟೆಪಾಡಿನ ವಿಷಯ.

ಪ್ಯಾಕು ಕೂಡಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸೆಲ್ಲಿನ ತಯಾರಕರು ಚಾರ್ಜ್ ಮಾಡಲು ಹಾಕುವ ಗಡಿ ಸಾಮಾನ್ಯವಾಗಿ 45 ಡಿಗ್ರಿ, ಓಡಿಸಲು 60. ಆದ್ದರಿಂದ ನಮ್ಮೂರಿನಲ್ಲಿ ಅಪಾಯವಿರುವುದು ಓಡಿಸುವಾಗಲ್ಲ, ಚಾರ್ಜ್ ಮಾಡುವಾಗ. ಇದನ್ನು ಊಹೆಗೆ ಬಿಡಬಾರದೆಂದು ಬಿಸಿ ಅಳೆಯುವ ಒಂದು ಥರ್ಮೋಕಪಲ್ ತಂತಿಯನ್ನು ಪ್ಯಾಕಿನ ನಟ್ಟನಡುವೆ, ಇನ್ನೊಂದನ್ನು ಪೆಟ್ಟಿಗೆಯ ಗೋಡೆಗೆ ಅಂಟಿಸಿ, ಒಂದು ಬೇಸಿಗೆಯಿಡೀ ಕೈಗೆ ಸಿಕ್ಕಾಗಲೆಲ್ಲ ಓದಿ ಬರೆದಿಟ್ಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲಿನಲ್ಲಿ ನಿಂತ ಗಾಡಿಯ ಪೆಟ್ಟಿಗೆಯ ಗೋಡೆ 58 ಡಿಗ್ರಿ, ಬೇವಿನ ನೆರಳಿನಲ್ಲಿ 43. ಇದು ಯಾರಾದರೂ ಊಹಿಸಬಹುದಾದ ಸಂಗತಿ. ಆದರೆ ಪ್ಯಾಕಿನ ನಡುಭಾಗ ಅತಿ ಹೆಚ್ಚು ಕಾಯುತ್ತಿದ್ದದ್ದು ಮಧ್ಯಾಹ್ನದಲ್ಲಲ್ಲ, ಸಂಜೆ ಆರು ಏಳರ ನಡುವೆ. ಅಷ್ಟೊಂದು ಲೋಹದ ರಾಶಿ ಬಿಸಿಯನ್ನು ನಿಧಾನವಾಗಿ ಹೀರಿ ನಿಧಾನವಾಗಿಯೇ ಬಿಡುತ್ತದೆ. ರಾತ್ರಿ ಹನ್ನೊಂದಕ್ಕೂ ಅದು 38–39ರಲ್ಲಿರುತ್ತಿತ್ತು, ಬೆಳಗಿನ ಐದಕ್ಕೆ ಮಾತ್ರ 31ಕ್ಕೆ ಬರುತ್ತಿತ್ತು. ಅಂದರೆ ನಾವೆಲ್ಲ ಕೆಲಸ ಮುಗಿಸಿ ಮನೆಗೆ ಬಂದು, ಗಾಡಿ ನಿಲ್ಲಿಸಿದ ಕೂಡಲೇ ಪಿನ್ನು ಸಿಕ್ಕಿಸುವ ಆ ಹೊತ್ತೇ ಇಡೀ ದಿನದಲ್ಲಿ ಚಾರ್ಜ್ ಮಾಡಲು ಅತ್ಯಂತ ಕೆಟ್ಟ ಹೊತ್ತು. ಪ್ಯಾಕು ಉಳಿದ ಗುಟ್ಟೆಲ್ಲ ಇಷ್ಟರಲ್ಲಿದೆ. ಉಳಿದವು ಇದರ ಹಿಂದೆ ಬರುವ ಸಣ್ಣ ಕೆಲಸಗಳು.

ಇದನ್ನು ಅರಿಯುವ ಮೊದಲು ತಂಪು ಮಾಡುವ ಹುಚ್ಚು ಪ್ರಯೋಗಗಳೂ ನಡೆದವು. ಪೆಟ್ಟಿಗೆಯ ಸುತ್ತ ಒದ್ದೆ ಗೋಣಿತಟ್ಟು ಕಟ್ಟಿದಾಗ ಐದಾರು ಡಿಗ್ರಿ ಇಳಿಯಿತು, ನಿಜ; ಆದರೆ ಎರಡು ವಾರದೊಳಗೆ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯಿತು. ಆಮೇಲೆ ಪೆಟ್ಟಿಗೆಯ ಒಳಗೆ ಥರ್ಮೋಕೋಲ್ ಹಾಕಿದೆ. ಮಧ್ಯಾಹ್ನದ ಓದು ಚೆನ್ನಾಗಿ ಬಂದಿತು, ಬೆಳಗಿನ ಓದು ಕೆಟ್ಟಿತು: ಹಗಲಿನ ಬಿಸಿಯನ್ನು ತಡವಾಗಿ ಒಳಗೆ ಬಿಟ್ಟ ಥರ್ಮೋಕೋಲ್ ರಾತ್ರಿ ಅದನ್ನು ಹೊರಗೆ ಬಿಡಲಿಲ್ಲ, ಬೆಳಗಿನ ಐದಕ್ಕೂ ಪ್ಯಾಕು 35ರಲ್ಲಿತ್ತು. ಅದನ್ನು ಕಿತ್ತು ಬಿಸಾಡಿ, ಈಗ ರಾತ್ರಿ ಸೀಟನ್ನು ಎತ್ತಿ ಕಟ್ಟಿ ಬಿಡುತ್ತೇನೆ. ಖರ್ಚಿಲ್ಲದ ಈ ಉಪಾಯ ಗೋಣಿತಟ್ಟು, ಥರ್ಮೋಕೋಲ್ ಎರಡಕ್ಕಿಂತ ಮೇಲು.

ಚಾರ್ಜಿಂಗನ್ನು ಬೆಳಗಿನ ಜಾವಕ್ಕೆ ತಳ್ಳಲು ಟೈಮರ್ ಸಾಕೆಟ್ ಬೇಕು. ಮೊದಲು ತಂದ ಚಕ್ರದ ಟೈಮರು ಕರೆಂಟು ಹೋದಾಗ ತಾನೂ ನಿಲ್ಲುತ್ತಿದ್ದುದರಿಂದ, ಬೇಸಿಗೆಯ ಕಡಿತದ ದಿನಗಳಲ್ಲಿ ಮೂರು ಗಂಟೆಗೆ ಹತ್ತಬೇಕಾದದ್ದು ಆರಕ್ಕೆ ಹತ್ತಿ, ನಾನು ಅರ್ಧ ತುಂಬಿದ ಗಾಡಿಯಲ್ಲಿ ಕೆಲಸಕ್ಕೆ ಹೊರಡಬೇಕಾಗುತ್ತಿತ್ತು. ಒಳಗೆ ಸಣ್ಣ ಸೆಲ್ಲಿರುವ ಡಿಜಿಟಲ್ ಟೈಮರು ಐನೂರು ರೂಪಾಯಿಯ ಒಳಗೆ ಸಿಗುತ್ತದೆ, ಅದನ್ನೇ ತರಬೇಕು. ಕೊಳ್ಳುವಾಗ 16 ಆಂಪಿಯರಿನದೇ ಎಂದು ನೋಡಿ. 5 ಆಂಪಿಯರಿನ ಚಾರ್ಜರು ಗೋಡೆಯಿಂದ ಎಳೆಯುವುದು ಎರಡು ಆಂಪಿಯರಿಗಿಂತ ಕಡಿಮೆಯಾದರೂ ಅಗ್ಗದ ಟೈಮರುಗಳ ಒಳಗಿನ ಪತ್ತಿಗಳು ಸಡಿಲವಾಗಿರುತ್ತವೆ.

ಚಾರ್ಜರಿನ ವಿಷಯ ಜೀನ್ಸ್ ಘಟಕದವರು ಗಮನವಿಟ್ಟು ಓದಬೇಕು. ಒಂದು ವರ್ಷದಲ್ಲಿ ಎರಡು ಚಾರ್ಜರು ಸುಟ್ಟವು, ಒಂದೊಂದಕ್ಕೆ 2,400ರ ಆಸುಪಾಸು. ಮಾರಿದವರು ವೋಲ್ಟೇಜಿನ ಏರುಪೇರು ಎಂದರು. ಎರಡನೆಯದನ್ನು ಬಿಚ್ಚಿದಾಗ ಫ್ಯಾನಿನ ಹಿಂದಿನ ಅಲ್ಯೂಮಿನಿಯಂ ಹಲ್ಲುಗಳ ಸಂದಿಯಲ್ಲೆಲ್ಲ ಡೆನಿಮ್ಮಿನ ನೀಲಿ ಎಳೆಗಳು ಒತ್ತಿಕೊಂಡು ಕಂಬಳಿಯಂತಾಗಿದ್ದವು. ಉಗುರಿನಿಂದ ಎತ್ತಿದರೆ ಹಲ್ಲುಗಳ ಅಚ್ಚು ಸಮೇತ ಒಂದೇ ತುಂಡಾಗಿ ಎದ್ದುಬಂದಿತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಆಡುತ್ತಿರಲಿಲ್ಲ. ಹೊಲಿಗೆ ನಡೆಯುವ ಕೋಣೆಯಲ್ಲಿ ಚಾರ್ಜರು ಇಡುವುದನ್ನು ಅಂದಿಗೆ ಬಿಟ್ಟೆ. ಈಗಿನದಕ್ಕೆ ಫ್ಯಾನಿನ ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿ, ವಾರಕ್ಕೊಮ್ಮೆ ಬ್ರಷ್ಷಿನಿಂದ ಒರೆಸುತ್ತೇನೆ. ಆಮೇಲೆ ಚಾರ್ಜರಿಗೆ ಹಣ ಹಾಕಿಲ್ಲ.

ಲೆಡ್ ಆಸಿಡ್ ಚಾರ್ಜರನ್ನೇ ಲಿಥಿಯಂ ಪ್ಯಾಕಿಗೆ ಸಿಕ್ಕಿಸುವವರನ್ನು ಇನ್ನೂ ನೋಡುತ್ತಿದ್ದೇನೆ. ವೋಲ್ಟೇಜು ಹೊಂದಿದರೂ ಅದು ತುಂಬಿದ ಮೇಲೂ ಫ್ಲೋಟ್, ಅಂದರೆ ಸಣ್ಣ ಚಾರ್ಜು, ಕೊಡುತ್ತ ಕೂರುತ್ತದೆ, ಕೆಲವು ನಡುನಡುವೆ ಎತ್ತರದ ಪಲ್ಸನ್ನೂ ಬಿಡುತ್ತವೆ. ಲಿಥಿಯಂ ಚಾರ್ಜರಿನಲ್ಲೂ ಒಳಗಿನ ಪ್ರೀಸೆಟ್ (ವೋಲ್ಟೇಜು ಹೊಂದಿಸುವ ಸಣ್ಣ ತಿರುಪು) ತಿರುಗಿಸಿ 73ರ ಬದಲು 70 ವೋಲ್ಟಿಗೆ ನಿಲ್ಲಿಸಿದ್ದೇನೆ. ಸೆಲ್ಲಿಗೆ 3.5 ವೋಲ್ಟು ಬೀಳುತ್ತದೆ; ಈ ರಸಾಯನದಲ್ಲಿ ಅಷ್ಟಕ್ಕೇ ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ, ಕೊನೆಯ ಮೂರು ವೋಲ್ಟಿನಿಂದ ಸಿಗುವ ದೂರ ಒಂದೆರಡು ಕಿಲೋಮೀಟರು ಮಾತ್ರ. ಪಿನ್ನು ಕಿತ್ತ ಮೇಲೂ ಚಾರ್ಜರಿನ ಕೆಪಾಸಿಟರಿನಲ್ಲಿ 300 ವೋಲ್ಟು ಕೂತಿರುತ್ತದೆ ಎಂಬುದು ಗೊತ್ತಿರುವವರು ಮಾತ್ರ ಈ ಕೆಲಸಕ್ಕೆ ಕೈ ಹಾಕಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದ್ದೆ. ಎಲ್ಲರೂ 80 ಪ್ರತಿಶತಕ್ಕೆ ನಿಲ್ಲಿಸಿ ಎನ್ನುತ್ತಾರಲ್ಲ, ಹಾಗೆಯೇ ಕೆಲವು ತಿಂಗಳು ಎಂದೂ ಪೂರ್ತಿ ತುಂಬಿಸದೆ ಓಡಿಸಿದೆ. ಒಂದು ದಿನ ಪೂರ್ತಿ ತುಂಬಿಸಲು ಹೋದಾಗ 68 ವೋಲ್ಟಿಗೇ ಬಿಎಂಎಸ್ ಕಡಿಯಿತು. ಒಂದೊಂದು ಗುಂಪನ್ನು ಅಳೆದರೆ ಏಳನೆಯದು 3.65ಕ್ಕೆ ಏರಿ ಕೂತಿದೆ, ಹಲವು ಇನ್ನೂ 3.35ರಲ್ಲಿವೆ. ಬಿಎಂಎಸ್ ಸೆಲ್ಲುಗಳನ್ನು ಸಮ ಮಾಡುವುದು ಮೇಲ್ತುದಿಯಲ್ಲಿ ಮಾತ್ರ, ಅದೂ ಕೆಲವೇ ಹತ್ತು ಮಿಲಿ ಆಂಪಿಯರಿನಲ್ಲಿ. ಮೇಲ್ತುದಿಯನ್ನೇ ಮುಟ್ಟದಿದ್ದರೆ ಅದಕ್ಕೆ ಕೆಲಸವೇ ಇಲ್ಲ. ಮೂರು ರಾತ್ರಿ ಸಣ್ಣ ಕರೆಂಟಿನಲ್ಲಿ ಹಾಕಿಟ್ಟು ಸರಿಮಾಡಬೇಕಾಯಿತು. 80ರ ನಿಯಮ ಎನ್‌ಎಂಸಿ (ನಿಕಲ್ ಬೆರೆತ ಇನ್ನೊಂದು ಬಗೆಯ ಲಿಥಿಯಂ) ಸೆಲ್ಲಿನವರಿಗೆ ಒಳ್ಳೆಯದೇ. ನಮ್ಮ ಫಾಸ್ಫೇಟ್ ಪ್ಯಾಕಿಗೆ ವಾರಕ್ಕೊಂದು ದಿನ, ತಂಪು ಹೊತ್ತಿನಲ್ಲಿ, 70 ವೋಲ್ಟು ಮುಟ್ಟಿಸಿ ಒಂದು ಗಂಟೆ ಹಾಗೇ ಬಿಡಬೇಕು.

ಡ್ಯಾಶ್‌ಬೋರ್ಡಿನ ಕಡ್ಡಿಗಳನ್ನು ನಂಬಬೇಡಿ. ಅವು ಲೆಡ್ ಆಸಿಡ್‌ಗೆ ಗೆರೆ ಹಾಕಿದವು. ಈ ಸೆಲ್ಲಿನ ವೋಲ್ಟೇಜು 20ರಿಂದ 80 ಪ್ರತಿಶತದವರೆಗೆ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲವಾದ್ದರಿಂದ, ನಾಲ್ಕು ಕಡ್ಡಿ ತೋರಿಸುತ್ತಲೇ ಹೋಗಿ ಇದ್ದಕ್ಕಿದ್ದಂತೆ ಸೊನ್ನೆಗೆ ಬೀಳುತ್ತದೆ. ಹೊಸಪೇಟೆ ರಸ್ತೆಯಲ್ಲಿ ಯಂತ್ರದ ತಲೆ ಹೊತ್ತ ಗಾಡಿಯನ್ನು ತಳ್ಳಿದ ಮೇಲೆ 1,200 ರೂಪಾಯಿಯ ಶಂಟ್ ಮೀಟರು ಹಾಕಿದೆ. ಒಳಹೋದ, ಹೊರಬಂದ ಆಂಪಿಯರ್ ಅವರ್ ಎಣಿಸುವ ಮೀಟರಿಗಿಂತ ಒಳ್ಳೆಯ ಖರ್ಚು ಈ ಗಾಡಿಗೆ ಬೇರೊಂದಿಲ್ಲ.

ಸಂಡೂರು, ತೋರಣಗಲ್ಲು ಕಡೆಗೆ ಓಡಾಡುವವರು ಅದಿರಿನ ಕೆಂಪು ಧೂಳು ಹಬ್ ಮೋಟಾರಿನ ಅಯಸ್ಕಾಂತಕ್ಕೆ ಅಂಟಿ ಮೋಟಾರು ಕೆಡುತ್ತದೆ ಎನ್ನುತ್ತಾರೆ. ರಸ್ತೆ ಬದಿಯ ಧೂಳನ್ನು ಕಾಗದದ ಮೇಲೆ ಹರವಿ, ಹಳೆಯ ಸರ್ವೋ ಮೋಟಾರಿನ ಅಯಸ್ಕಾಂತ ಹಿಡಿದು ನೋಡಿದೆ: ನಾಲ್ಕಾರು ಕಪ್ಪು ಕಣಗಳು ಬಿಟ್ಟರೆ ಏನೂ ಮೇಲೇಳಲಿಲ್ಲ. ಇಲ್ಲಿನ ಅದಿರು ಹೆಚ್ಚಿನಂಶ ಹೆಮಟೈಟ್, ಅದನ್ನು ಅಯಸ್ಕಾಂತ ಅಷ್ಟಾಗಿ ಎಳೆಯುವುದಿಲ್ಲ. ಬೇರಿಂಗಿನ ಸೀಲು ದಾಟಿದ ಧೂಳು ಗ್ರೀಸಿನೊಂದಿಗೆ ಬೆರೆತು ಕೆಂಪು ಅರೆಯುವ ಪೇಸ್ಟಾಗುವುದು ಮಾತ್ರ ನಿಜ. ಸರ್ವಿಸ್ ಸೆಂಟರಿನ ಒತ್ತಡದ ನೀರನ್ನು ಆಕ್ಸಲಿನ ಕಡೆಗೆ ಬಿಡಿಸದಿದ್ದರೆ ಬೇರಿಂಗು ಎರಡು ವರ್ಷ ಧಾರಾಳವಾಗಿ ಬರುತ್ತದೆ.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಟೈರಿನ ಗಾಳಿ ಹತ್ತು ಪಾಯಿಂಟ್ ಇಳಿದರೆ ನನ್ನ ಮೀಟರಿನಲ್ಲಿ ಐದಾರು ಕಿಲೋಮೀಟರು ಕಡಿಮೆಯಾಗುತ್ತದೆ. ಆಕ್ಸಲ್ ನಟ್ಟನ್ನು ತಿಂಗಳಿಗೊಮ್ಮೆ ಬಿಗಿ ಮಾಡಿ. ಅದು ಸಡಿಲವಾಗಿ ಆಕ್ಸಲ್ ತಿರುಗಿದರೆ ಮೋಟಾರಿನ ವೈರುಗಳು ಬುಡದಲ್ಲೇ ಹರಿಯುತ್ತವೆ.

ಹಣದ ಲೆಕ್ಕ ಹೀಗಿದೆ. ದಿನಕ್ಕೆ ಒಂದೂಕಾಲು ಯೂನಿಟ್ಟಿನಂತೆ ತಿಂಗಳಿಗೆ 32–35 ಯೂನಿಟ್ಟು, 6 ರೂಪಾಯಿ ದರದಲ್ಲಿ ಇನ್ನೂರರ ಆಸುಪಾಸು. ಗೃಹಜ್ಯೋತಿಯಲ್ಲಿ ನಮಗೆ ಸಿಕ್ಕಿರುವುದು ಹಿಂದಿನ ಸರಾಸರಿಯ ಮೇಲೆ ಹತ್ತು ಪ್ರತಿಶತ ಮಾತ್ರ. ಗಾಡಿಯ ಯೂನಿಟ್ಟು ಆ ಮಿತಿಯನ್ನು ದಾಟುವುದರಿಂದ ಹೆಚ್ಚಿನದಕ್ಕೆ ಬಿಲ್ಲು ಕಟ್ಟುತ್ತೇನೆ. ಲೀಟರಿಗೆ ನೂರು ದಾಟಿದ ಪೆಟ್ರೋಲಿನಲ್ಲಿ ಇದೇ ಓಡಾಟಕ್ಕೆ ತಿಂಗಳಿಗೆ 2,600 ಹೋಗುತ್ತಿತ್ತು. ಪ್ಯಾಕಿನ 28,000, ಮುಳುಗಿದ ಏಳು ಸಾವಿರ, ಎರಡು ಚಾರ್ಜರು, ಮೀಟರು, ಟೈಮರು ಎಲ್ಲ ಸೇರಿಸಿದರೂ ಒಂದೂವರೆ ವರ್ಷದಲ್ಲಿ ಹಣ ವಾಪಸು ಬಂದಿದೆ. ಈಗ ಬೇರೆಯವರಿಗೂ ಪ್ಯಾಕು ಕೂಡಿಸಿಕೊಡುತ್ತೇನೆ, ಕೂಲಿ ಎರಡೂವರೆ ಸಾವಿರ, ಸೆಲ್ಲುಗಳ ಬಿಲ್ಲು ಅವರ ಹೆಸರಿನಲ್ಲೇ. ಟೈಮರು ಕೊಳ್ಳಲು ಒಪ್ಪದವರಿಗೆ ಮಾಡಿಕೊಡುವುದಿಲ್ಲ.