‘ರೀಡರ್’ ಸಿಕ್ಕರೆ ಮೊದಲು ಇಸವಿ ನೋಡಿ

ಕಾನೂನು ಪುಸ್ತಕಗಳ ಅನುವಾದಕ್ಕೆ ಕೈಹಾಕಿದ ಹೊಸದರಲ್ಲಿ ನಾನು ‘ಇನ್ನರ್ ಟೆಂಪಲ್‌ನ ರೀಡರ್’ ಅನ್ನೋದನ್ನ ‘ಒಳಗುಡಿಯ ಓದುಗ’ ಎಂದು ಬರೆದಿದ್ದೆ. ಪ್ರೂಫ್ ನೋಡಿದವರೂ ಹಾಗೇ ಬಿಟ್ಟರು. ಅದು ಅಚ್ಚೂ ಆಯಿತು. ನಿಮಗೆ ಹಾಗಾಗಬಾರದು ಅಂದರೆ, ಹುದ್ದೆಯ ಹೆಸರು ಕಂಡ ಕೂಡಲೇ ಕನ್ನಡ ಮಾಡಲು ಹೋಗಬೇಡಿ. ಮೊದಲು ಇಸವಿ, ಆಮೇಲೆ ಜಾಗ ನೋಡಿ.

ಜಾಗ ಲಂಡನ್, ಇಸವಿ 1642ಕ್ಕಿಂತ ಹಿಂದಿನದಾ? ಹಾಗಾದರೆ ಆತ ಸಂಬಳದ ಮೇಷ್ಟ್ರಲ್ಲ, ಪಳಗಿದ ವಕೀಲ. ಇನ್ನರ್ ಟೆಂಪಲ್ ಗುಡಿಯೂ ಅಲ್ಲ, ವಕೀಲರು ಸೇರುವ, ಕಲಿಯುವ ಸಂಘಗಳಾದ ನಾಲ್ಕು ‘ಇನ್‌’ಗಳಲ್ಲಿ ಒಂದು. ‘ಟೆಂಪ್ಲರ್’ ಎಂಬ ಕ್ರೈಸ್ತ ಯೋಧಪಂಥದ ಹಳೆಯ ಜಾಗವಾದ್ದರಿಂದ ಆ ಹೆಸರು. ಕೋರ್ಟಿಗೆ ರಜೆ ಇದ್ದಾಗ, ವರ್ಷಕ್ಕೆ ಎರಡು ಸಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮತ್ತು ಆಗಸ್ಟ್‌ನಲ್ಲಿ, ರೀಡರ್ ಒಂದು ಶಾಸನ ಹಿಡಿದು ಪದ ಪದ ಬಿಡಿಸುತ್ತಿದ್ದ. ‘ಹೀಗಾದರೆ ಜಮೀನು ಯಾರಿಗೆ?’ ಎಂದು ತಾನೇ ಕೇಸು ಕಟ್ಟಿ ಮುಂದಿಡುತ್ತಿದ್ದ. ಉಳಿದ ವಕೀಲರು ಅದನ್ನ ಹಿಡಿದು ಜಗ್ಗಾಡುತ್ತಿದ್ದರು. ಊಟ ಹಾಕಿಸುವುದೂ ಅವನ ತಲೆಗೇ! ಆ ಖರ್ಚಿಗೆ ಹೆದರಿ ದಂಡ ಕಟ್ಟಿ ತಪ್ಪಿಸಿಕೊಂಡವರೂ ಇದ್ದರು.

1592ರಲ್ಲಿ ಎಡ್ವರ್ಡ್ ಕೋಕ್ ಇನ್ನರ್ ಟೆಂಪಲ್‌ನಲ್ಲಿ, 1600ರಲ್ಲಿ ಫ್ರಾನ್ಸಿಸ್ ಬೇಕನ್ ಗ್ರೇಸ್ ಇನ್‌ನಲ್ಲಿ ಬಿಡಿಸಿದ್ದು ಒಂದೇ ಶಾಸನ, ‘ಸ್ಟ್ಯಾಚ್ಯೂಟ್ ಆಫ್ ಯೂಸಸ್’. ಜಮೀನು ಒಬ್ಬರ ಹೆಸರಲ್ಲಿ, ಅನುಭವ ಇನ್ನೊಬ್ಬರದು. ನಾವು ಬೇನಾಮಿ ಅಂತೀವಲ್ಲ, ಹೆಚ್ಚುಕಮ್ಮಿ ಆ ಜಾತಿಯ ತಕರಾರು. ಕೋಕ್ ಪಾಠ ಪ್ಲೇಗ್ ಬಂದು ಅರ್ಧಕ್ಕೇ ನಿಂತಿತು.

1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಬಂದ ಮೇಲೆ ಈ ಪದ್ಧತಿಗೆ ಪೆಟ್ಟು ಬಿತ್ತು. ಆ ಶತಮಾನ ಮುಗಿಯುವಷ್ಟರಲ್ಲಿ ಪಾಠ ಹೋಗಿ ಬರೀ ಪದವಿ ಉಳಿಯಿತು.

ಜಾಗ ಆಕ್ಸ್‌ಫರ್ಡ್ ಆದರೆ ಇನ್ನೊಂದು ಗುಂಡಿ ಇದೆ. ಅಲ್ಲಿನ ‘ಸಿವಿಲ್ ಲಾ ಪ್ರೊಫೆಸರ್’ ನಮ್ಮ ಸಿವಿಲ್ ಕೇಸಿನವರಲ್ಲ, ರೋಮನ್ ಕಾನೂನಿನವರು. ಇಂಗ್ಲೆಂಡಿನದೇ ಕಾನೂನಿಗೆ ಅಲ್ಲಿ ಪ್ರೊಫೆಸರ್ ಪೀಠ ಬಂದದ್ದು 1758ರಲ್ಲಿ, ಅದೂ ಚಾರ್ಲ್ಸ್ ವೈನರ್ ಬಿಟ್ಟುಹೋದ ಹಣದಿಂದ. ಅದರಲ್ಲಿ ಮೊದಲು ಕೂತವರು ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟೋನ್.

1852ರಲ್ಲಿ ನಾಲ್ಕೂ ಇನ್‌ಗಳು ಸೇರಿ ಕಾನೂನು ಶಿಕ್ಷಣ ಮಂಡಳಿ ಮಾಡಿದವು. ಅದು ನೇಮಿಸಿದ ರೀಡರ್‌ಗಳು ನಿಜವಾಗಿ ಪಾಠ ಮಾಡುವವರು. ಅವರನ್ನ ‘ಉಪನ್ಯಾಸಕ’ ಅಂದರೆ ತಪ್ಪಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೊನ್ನೆ ಮೊನ್ನೆವರೆಗೆ ಇದ್ದ ರೀಡರ್, ಅಂದರೆ ಈಗಿನ ಅಸೋಸಿಯೇಟ್ ಪ್ರೊಫೆಸರ್, ಇವರ‍್ಯಾರೂ ಅಲ್ಲ.

ಹಳೆಯವನನ್ನ ಮಾತ್ರ ‘ರೀಡರ್’ ಎಂದೇ ಬಿಡಿ. ಪಕ್ಕದಲ್ಲಿ ‘ಆ ಸಲ ಪಾಠ ಹೇಳುವ ಸರದಿ ಬಂದ ಹಿರಿಯ ವಕೀಲ’ ಅಂತ ಒಂದು ಸಾಲು ಸೇರಿಸಿ. ನಾನೀಗ ಹಾಗೇ ಮಾಡುತ್ತೇನೆ.