ನಾರ್ಡಿಕ್ ಒಳಾಂಗಣ ಅಥ್ಲೆಟಿಕ್ಸ್: ತಿರುವಿನಲ್ಲಿ ನಿಲ್ಲುವವರ ಕೆಲಸ

ಸ್ವೀಡನ್, ಫಿನ್ಲೆಂಡ್, ನಾರ್ವೆ ಒಂದೊಂದು ತಂಡ. ಡೆನ್ಮಾರ್ಕ್ ಮತ್ತು ಐಸ್‌ಲ್ಯಾಂಡ್ ಸೇರಿ ನಾಲ್ಕನೆಯದು. ಚಳಿಗಾಲದಲ್ಲಿ ಈ ನೆರೆ ದೇಶಗಳು ಒಂದು ಹಾಲ್‌ನಲ್ಲಿ ಕೂಡಿ, ಪಾಯಿಂಟ್ ಲೆಕ್ಕದಲ್ಲಿ ಸೆಣಸುತ್ತವೆ. 2017ರಲ್ಲಿ ಇದು ಫಿನ್ಲೆಂಡ್‌ನ ತಾಂಪೆರೆಯಲ್ಲಿ, 2020ರಲ್ಲಿ ಹೆಲ್ಸಿಂಕಿಯಲ್ಲಿ ನಡೆಯಿತು. ತಂಡಗಳ ಪಂದ್ಯದಲ್ಲಿ ಕೊನೆಯವನಾಗಿ ಓಡಿ ಮುಗಿಸಿದವನೂ ತಂಡಕ್ಕೆ ಏನಾದರೂ ತರುತ್ತಾನೆ, ಅನರ್ಹನಾದವನು ಏನೂ ತರುವುದಿಲ್ಲ. ಹಾಗಾಗಿ ತಿರುವುಗಳಲ್ಲಿ ನಿಂತು ಓಟಗಾರರ ತಪ್ಪುಗಳನ್ನು ಗಮನಿಸುವ ಟ್ರ್ಯಾಕ್ ಅಂಪೈರ್‌ಗಳ ಒಂದು ತಪ್ಪು ನೇರವಾಗಿ ಅಂಕಪಟ್ಟಿಯ ಮೇಲೆ ಬೀಳುತ್ತದೆ. ಆ ಕೆಲಸ ನಾವು ಮಾಡುವ ರೀತಿ ಇದು.

ಮೊದಲು ತಿರುವಿನ ಲೆಕ್ಕ ತಲೆಯಲ್ಲಿ ಕೂರಬೇಕು. ಬೆಂಗಳೂರಿನ ಕಂಠೀರವದಂಥ 400 ಮೀಟರ್ ಟ್ರ್ಯಾಕ್ ನೋಡಿ ಬೆಳೆದ ಕಣ್ಣಿಗೆ ಒಳಾಂಗಣ ಟ್ರ್ಯಾಕ್ ಮೊದಲ ನೋಟಕ್ಕೆ ಆಟಿಕೆಯಂತೆ ಕಾಣುತ್ತದೆ. ಹೊರಗಿನ ಪ್ರಮಾಣಿತ ಟ್ರ್ಯಾಕ್‌ನ ತಿರುವಿನ ತ್ರಿಜ್ಯ 36.5 ಮೀಟರ್. 200 ಮೀಟರಿನ ಒಳ ಟ್ರ್ಯಾಕ್‌ನಲ್ಲಿ ಅದು ಸುಮಾರು 17. ಸೆಕೆಂಡಿಗೆ 9 ಮೀಟರ್ ವೇಗದ ಓಟಗಾರ ಹೊರಗಡೆ 13 ಡಿಗ್ರಿಯಷ್ಟು ಒಳಕ್ಕೆ ವಾಲಿದರೆ ಸಾಕು. ಇಲ್ಲಿ ಮೊದಲ ಲೇನ್‌ನಲ್ಲಿ ಸುಮಾರು 26 ಡಿಗ್ರಿ ವಾಲಬೇಕು. ಅದಕ್ಕೇ ತಿರುವನ್ನು ಓರೆಯಾಗಿ ಎತ್ತರಿಸಿರುತ್ತಾರೆ. ಈ ಓರೆ 15 ಡಿಗ್ರಿ ಮೀರುವಂತಿಲ್ಲ. 10 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ: ಉಳಿದ 16 ಡಿಗ್ರಿಯನ್ನು ಓಟಗಾರನ ಎಡಗಾಲು, ಪಾದದ ಕೀಲು, ಸೊಂಟದ ಸ್ನಾಯುಗಳೇ ತಡೆದುಕೊಳ್ಳಬೇಕು. ಅದೇ ವೇಗಕ್ಕೆ ಆರನೇ ಲೇನ್‌ನಲ್ಲಿ ಒಟ್ಟು ವಾಲಿಕೆಯೇ 20 ಡಿಗ್ರಿ ಆಸುಪಾಸು. ಅಂದರೆ ದೇಹಕ್ಕೆ ಉಳಿಯುವುದು 10 ಡಿಗ್ರಿ ಮಾತ್ರ. ಒಳ ಲೇನ್ ಸಿಕ್ಕವನ ಮುಖ ಯಾಕೆ ಬಾಡುತ್ತದೆ ಎಂಬುದಕ್ಕೆ ಇದೇ ಉತ್ತರ. ಲೇನ್‌ನಿಂದಲೇ ಫಲಿತಾಂಶ ತೀರ್ಮಾನವಾಗುತ್ತದೆ ಎಂಬ ಕಾರಣಕ್ಕೆ ವಿಶ್ವ ಒಳಾಂಗಣ ಚಾಂಪಿಯನ್‌ಶಿಪ್ 2004ರ ನಂತರ 200 ಮೀಟರ್ ಓಟವನ್ನೇ ಕೈಬಿಟ್ಟಿತು. ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

400 ಮೀಟರ್ ಓಟಕ್ಕೆ ನಾಲ್ವರೇ ಇದ್ದು ಲೇನ್ ಆರಿದ್ದರೆ, 1 ಮತ್ತು 2ನ್ನು ಖಾಲಿ ಬಿಟ್ಟು 3ರಿಂದ 6 ಬಳಸುತ್ತೇವೆ. ಪ್ರತಿ ತಂಡದಿಂದ ಇಬ್ಬರಿದ್ದರೆ ಎರಡು ಸರಣಿ, ಪ್ರತಿ ಸರಣಿಯಲ್ಲಿ ತಂಡಕ್ಕೊಬ್ಬರು, ಆಮೇಲೆ ಸಮಯ ನೋಡಿ ಒಟ್ಟು ಸ್ಥಾನ. ಚೀಟಿ ಎತ್ತುವಾಗ ಎಲ್ಲ ತಂಡದ ಪ್ರತಿನಿಧಿಗಳೂ ಎದುರಿಗಿರಲಿ. ಒಂದು ಓಟದಲ್ಲಿ ಆರನೇ ಲೇನ್ ಸಿಕ್ಕ ತಂಡಕ್ಕೆ ಮುಂದಿನದರಲ್ಲೂ ಅದೇ ಸಿಗದ ಹಾಗೆ ಲೇನ್‌ಗಳನ್ನು ಸರದಿಯಲ್ಲಿ ಬದಲಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗ: ಬ್ರೇಕ್ ಲೈನ್. ಒಳಾಂಗಣ 400ರಲ್ಲಿ ಮೊದಲ ಎರಡು ತಿರುವುಗಳನ್ನು ತಂತಮ್ಮ ಲೇನ್‌ನಲ್ಲೇ ಓಡಿ, ಆ ಗೆರೆ ದಾಟಿದ ಮೇಲೆ ಒಳಕ್ಕೆ ಇಳಿಯಬೇಕು. ಗೆರೆ ಕಣ್ಣಿಗೆ ಬೀಳಲೆಂದು, ಅದು ಲೇನ್ ಗೆರೆಗಳನ್ನು ಕೂಡುವ ಕಡೆ ಪುಟ್ಟ ಕೋನ್ ಇಡುತ್ತೇವೆ. ಕೋನ್‌ನ ಬಣ್ಣ ಗೆರೆಗಳ ಬಣ್ಣಕ್ಕಿಂತ ಬೇರೆ ಇರಬೇಕು. ಕೋನ್ ಇಡುವುದು ಸುಲಭ, ತೆಗೆಯುವುದರಲ್ಲಿದೆ ಅಪಾಯ. ಗಂಡಸರ ಓಟದಲ್ಲಿ ಗುಂಪು ಅದೇ ಜಾಗಕ್ಕೆ ಸುಮಾರು 25 ಸೆಕೆಂಡಿನಲ್ಲಿ ಮರಳುತ್ತದೆ. ಆಗ ಎದುರಾಳಿಯನ್ನು ಹಿಂದಿಕ್ಕಲು ಎರಡನೇ ಲೇನ್‌ಗೆ ಬಂದವನ ಕಾಲಿಗೆ ಕೋನ್ ಸಿಕ್ಕರೆ ಕಣಕಾಲು ಹೋದ ಹಾಗೆಯೇ. ಅದಕ್ಕೆ ಇಬ್ಬರನ್ನು ಈ ಕೆಲಸಕ್ಕೆಂದೇ ಇಡುತ್ತೇವೆ, ಒಬ್ಬರು ಒಳಗಿನಿಂದ, ಒಬ್ಬರು ಹೊರಗಿನಿಂದ. ಕೊನೆಯ ಓಟಗಾರ ದಾಟಿದ ಮೇಲೆ ಹತ್ತು ಸೆಕೆಂಡಿನೊಳಗೆ ಟ್ರ್ಯಾಕ್ ಖಾಲಿ. ಆರು ಲೇನ್‌ಗೆ ಎಷ್ಟು ಕೋನ್ ಇಟ್ಟೆವೋ ಅಷ್ಟೇ ಕೈಗೆ ಬಂದವೇ ಎಂದು ಜೋರಾಗಿ ಎಣಿಸಿ ಹೇಳುವುದು ನಮ್ಮಲ್ಲಿ ಕಡ್ಡಾಯ. ಎಣಿಕೆ ಮನಸ್ಸಿನಲ್ಲೇ ನಡೆದರೆ ಒಂದು ಕೋನ್ ಉಳಿದೇ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸಂಗತಿ. ಹೊರ ಲೇನ್‌ನವನು ಎರಡನೇ ತಿರುವು ಮುಗಿಸುವಾಗ ಎತ್ತರದಿಂದ ಇಳಿಯುತ್ತಿರುತ್ತಾನೆ. ಆ ಇಳಿಜಾರಿನ ವೇಗದಲ್ಲಿ ಗೆರೆಗೆ ಒಂದು ಹೆಜ್ಜೆ ಮೊದಲೇ ಒಳಕ್ಕೆ ಬಂದುಬಿಡುವುದು ತೀರಾ ಸಾಮಾನ್ಯ. ಹಾಗಾಗಿ ಬ್ರೇಕ್ ಲೈನ್ ಅಂಪೈರ್ ಗೆರೆಯ ಎದುರೇ ನಿಲ್ಲಬಾರದು. ಅಡ್ಡಲಾಗಿ ನಿಂತರೆ ಪಾದಗಳು ಒಂದರ ಹಿಂದೊಂದು ಮುಚ್ಚಿಹೋಗುತ್ತವೆ. ಗೆರೆಯಿಂದ ಐದಾರು ಮೀಟರ್ ಮುಂದೆ ನಿಂತು, ಬರುವವರ ಎದೆ ತನ್ನ ಕಡೆ ಇರುವಂತೆ ನೋಡಿದರೆ ಯಾವ ಕಾಲು ಯಾವ ಲೇನ್‌ನಲ್ಲಿ ಬಿತ್ತು ಎಂಬುದು ಸ್ಪಷ್ಟ.

ಎಡಗಡೆಯ ಗೆರೆ ತುಳಿಯುವ ನಿಯಮ ಈಚಿನ ವರ್ಷಗಳಲ್ಲಿ ಸಡಿಲವಾಗಿದೆ. ತಿರುವಿನಲ್ಲಿ ಒಂದೇ ಒಂದು ಸಲ ಎಡ ಗೆರೆಯನ್ನು ಪಾದ ಮುಟ್ಟಿದರೆ ಅನರ್ಹತೆಯಿಲ್ಲ. ಎರಡನೇ ಸಲ ಮುಟ್ಟಿದರೆ ಅನರ್ಹತೆ. ಪಾದ ಗೆರೆಯನ್ನೂ ದಾಟಿ ಪೂರ್ತಿ ಒಳಗೆ ಬಿದ್ದರೆ ಮೊದಲ ಸಲಕ್ಕೇ ತಪ್ಪು. ಆದ್ದರಿಂದ "ಗೆರೆ ತುಳಿದ" ಎಂದಷ್ಟೇ ಬರೆದ ಚೀಟಿಯಿಂದ ರೆಫರಿಗೆ ಉಪಯೋಗವಿಲ್ಲ. ಎದೆ ಸಂಖ್ಯೆ, ಲೇನ್, ಎಷ್ಟನೇ ತಿರುವು, ಯಾವ ಕಾಲು, ಗೆರೆಯ ಮೇಲೋ ಆಚೆಗೋ, ಎಷ್ಟು ಹೆಜ್ಜೆ, ಯಾರಾದರೂ ತಳ್ಳಿದರೇ, ಇಷ್ಟೂ ಇರಬೇಕು. ಹಳದಿ ಬಾವುಟ ತಕ್ಷಣ ಮೇಲಕ್ಕೆ, ಚೀಟಿ ಅಲ್ಲೇ ನಿಂತು ಬರೆಯುವುದು. ಪಕ್ಕದವರನ್ನು ಕೇಳಿ ಬರೆದರೆ ಇಬ್ಬರ ಸಾಕ್ಷಿ ಒಂದಾಗಿಬಿಡುತ್ತದೆ.

ರಿಲೇಯಲ್ಲಿ ಗದ್ದಲ ಹೆಚ್ಚು. 4x400ರಲ್ಲಿ ಬೇಟನ್‌ಗೆ ಕಾಯುವವರನ್ನು, ಬರುತ್ತಿರುವ ಜೊತೆಗಾರರು ಕೊನೆಯ ತಿರುವಿಗೆ ಹೊಕ್ಕ ಕ್ರಮದಲ್ಲಿ ಒಳಗಿನಿಂದ ಹೊರಕ್ಕೆ ನಿಲ್ಲಿಸಬೇಕು. ಆ ಕ್ಷಣದ ನಂತರ ಜಾಗ ಬದಲಿಸುವಂತಿಲ್ಲ, ತಿರುವಿನಲ್ಲಿ ಯಾರು ಯಾರನ್ನು ದಾಟಿದರೂ ಸರಿ. ತಿರುವಿನ ಬಾಯಲ್ಲಿರುವವರು ಸಂಖ್ಯೆ ಕೂಗುವುದಿಲ್ಲ. ಐದು ಭಾಷೆಯ ಕಿರುಚಾಟದ ನಡುವೆ ಸಂಖ್ಯೆ ಕೇಳಿಸುವುದೇ ಇಲ್ಲ. ದೇಶದ ಬಣ್ಣದ ರಟ್ಟುಗಳನ್ನು ಕ್ರಮವಾಗಿ ಎತ್ತಿ ತೋರಿಸುತ್ತೇವೆ. ಬೇಟನ್ ಕೊಟ್ಟವನು ಸುಸ್ತಾಗಿ ಅಡ್ಡ ನಡೆದು ಬೇರೆಯವರಿಗೆ ತೊಡಕಾಗುವುದೇ ಇಲ್ಲಿನ ದೊಡ್ಡ ತಪ್ಪು. ಓಟಕ್ಕೆ ಮುಂಚೆ ಎಲ್ಲರಿಗೂ ಹೇಳುವ ಒಂದೇ ಮಾತು: ಕೊಟ್ಟ ಮೇಲೆ ಇದ್ದಲ್ಲೇ ಇರಿ, ಟ್ರ್ಯಾಕ್ ಖಾಲಿಯಾದ ಮೇಲೆ ಹೊರಡಿ.

60 ಮೀಟರ್ ಹರ್ಡಲ್ಸ್ ಬಗ್ಗೆ ಚಿಕ್ಕದಾಗಿ. ಐದು ಹರ್ಡಲ್, ಎಂಟು ಲೇನ್ ಇದ್ದರೆ ಒಟ್ಟು 40. ಹೆಂಗಸರಿಗೆ ಎತ್ತರ 83.8 ಸೆಂಟಿಮೀಟರ್, ಮೊದಲ ಹರ್ಡಲ್‌ಗೆ 13 ಮೀಟರ್, ನಡುವೆ 8.50, ಕೊನೆಗೆ 13. ಗಂಡಸರಿಗೆ 106.7, ದೂರ 13.72, 9.14, 9.72. ಹೆಂಗಸರ ಮತ್ತು ಗಂಡಸರ ಮೊದಲ ಹರ್ಡಲ್‌ನ ಗುರುತುಗಳ ನಡುವೆ 72 ಸೆಂಟಿಮೀಟರ್ ಅಷ್ಟೇ ಅಂತರ, ತಪ್ಪಾಗುವುದು ಅಲ್ಲೇ. ಐದನೆಯದರಲ್ಲಿ ಅಂತರ 3.28 ಮೀಟರ್, ಅಲ್ಲಿ ಯಾರೂ ತಪ್ಪುವುದಿಲ್ಲ. ಎತ್ತರ ಬದಲಿಸಿದ ಮೇಲೆ ಬುಡದ ಭಾರವನ್ನೂ ಸರಿಸಬೇಕು. ಮರೆತರೆ ಹರ್ಡಲ್ ತೀರಾ ಹಗುರವಾಗಿ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ.

ಎತ್ತರ ಜಿಗಿತದವರ ಓಟದ ದಾರಿಗೆಂದು ಒಳ ಅಂಚಿನ ಪಟ್ಟಿ ತೆಗೆದಿದ್ದರೆ, 800 ಮೀಟರ್ ಓಟಕ್ಕೆ ಮುಂಚೆ ಅದು ಮರಳಿ ಬಂದಿದೆಯೇ ಎಂದು ನಡೆದೇ ನೋಡಬೇಕು. ವಾಕಿಟಾಕಿಯಲ್ಲಿ ಬಂದ "ಆಯ್ತು" ಎಂಬ ಉತ್ತರವನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಫಲಿತಾಂಶ ಅಧಿಕೃತವಾಗಿ ಪ್ರಕಟವಾದ ಮೇಲೆ 30 ನಿಮಿಷ ಆಕ್ಷೇಪಣೆಗೆ ಅವಕಾಶವಿರುತ್ತದೆ. ಅಲ್ಲಿಯವರೆಗೆ ಆ ತಿರುವಿನ ಅಂಪೈರ್ ಹಾಲ್ ಬಿಟ್ಟು ಕಾಫಿಗೂ ಹೋಗುವುದಿಲ್ಲ, ಚೀಟಿಗಳು ಮುಖ್ಯ ಅಂಪೈರ್‌ನ ಕೈಯಲ್ಲೇ ಇರುತ್ತವೆ.